ಕಾವಿ, ಜಪಸರ, ಮೌನ: ಕನ್ನಡ ಕ್ರೈಸ್ತರ ಸಾಧನೆಯ ದಾರಿ

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ವ್ರತಕ್ಕೆ ಇಂಗ್ಲಿಷಿನಲ್ಲಿ ಲೆಂಟ್ ಎಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ವಸಂತಕಾಲ ಎಂದಷ್ಟೇ ಅರ್ಥವಿತ್ತು. ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಅದೇ ದಿನಗಳಿಗೆ ಕೊರೆಜ್ಮ್ ಎನ್ನುತ್ತಾರೆ. ಇದು ಪೋರ್ಚುಗೀಸರ ‘ಕ್ವರೆಸ್ಮ’ದಿಂದ ಬಂದ ಮಾತು, ನಲವತ್ತು ಎಂಬ ಎಣಿಕೆಯೇ ಅದರ ಮೂಲ. ಘಟ್ಟದ ಮೇಲೆ, ಮೈಸೂರು, ಹಾಸನ, ಬೆಂಗಳೂರು ಕಡೆಯ ಕನ್ನಡ ಕಥೋಲಿಕರು ಅದನ್ನು ತಪಸ್ಸುಕಾಲ ಎಂದು ಕರೆಯುತ್ತಾರೆ. ಅದು ಮೊದಲಾಗುವ ದಿನ ವಿಭೂತಿ ಬುಧವಾರ. ಪ್ರಾರ್ಥನೆ ಎಣಿಸುವ ಮಣಿಮಾಲೆ ಜಪಸರ. ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ ಪರಮಪ್ರಸಾದ.

ಒಂದೇ ಆಚರಣೆಗೆ ಒಂದು ಕಡೆ ಋತುವಿನ ಹೆಸರು, ಇನ್ನೊಂದು ಕಡೆ ಎಣಿಕೆಯ ಹೆಸರು, ಮತ್ತೊಂದು ಕಡೆ ಸಾಧನೆಯ ಹೆಸರು. ಈ ವ್ಯತ್ಯಾಸದ ಹಿಂದೆ ಚರಿತ್ರೆಯಿದೆ. ಕರಾವಳಿಗೆ ಕ್ರೈಸ್ತಧರ್ಮ ಗೋವೆಯ ಮೂಲಕ, ಪೋರ್ಚುಗೀಸ್ ಪದಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂತು. ಮೈಸೂರು ಸೀಮೆಗೆ ಅದನ್ನು ತಂದ ಪಾದ್ರಿಗಳು ಸಂನ್ಯಾಸಿಗಳ ಉಡುಪಿನಲ್ಲಿ ಬಂದರು. ಅವರು ಕಾಲಿಟ್ಟ ನಾಡು ತಪಸ್ಸಿಗೆ ಹೊಸದಾಗಿರಲಿಲ್ಲ. ಜೈನ ಮುನಿಗಳ ನಿರಾಹಾರ, ಜಂಗಮರ ಕಾಯಕ ಮತ್ತು ಲಿಂಗಪೂಜೆ, ವೈಷ್ಣವರ ಏಕಾದಶಿ, ಮುಸ್ಲಿಮರ ರೋಜಾ ಇವೆಲ್ಲವನ್ನೂ ಹಳ್ಳಿಯ ಜನ ಕಂಡಿದ್ದರು. ಉಪವಾಸ, ಜಪ, ಮೌನ, ವ್ರತ ಎಂಬ ಮಾತುಗಳನ್ನು ಯಾರೂ ಅವರಿಗೆ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಮಾತಿನ ಜೊತೆಗೆ ಒಂದು ಪ್ರಶ್ನೆಯೂ ಬಂತು. ಸಾಧನೆ ಇರುವುದು ಉಡುಪು, ಊಟ, ಆಸನಗಳಲ್ಲೋ ಅಥವಾ ನೋಡುವವರು ಯಾರೂ ಇಲ್ಲದಾಗಲೂ ತಪ್ಪದೆ ನಡೆಯುವ ನೇಮದಲ್ಲೋ? ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ಈ ಪ್ರಶ್ನೆ ಸುಮಾರು ನಾಲ್ಕು ಶತಮಾನಗಳಿಂದ ಮತ್ತೆ ಮತ್ತೆ ಎದ್ದಿದೆ. ಪ್ರತಿ ಸಲವೂ ಅದಕ್ಕೆ ಯಾರಾದರೂ ಬೆಲೆ ತೆತ್ತಿದ್ದಾರೆ.

ನೇಮದ ಮೂಲ

ಕ್ರೈಸ್ತ ಸಾಧನೆಯ ಮೂರು ಕಂಬಗಳು ದಾನ, ಪ್ರಾರ್ಥನೆ ಮತ್ತು ಉಪವಾಸ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಈ ಮೂರನ್ನೂ ಒಟ್ಟಿಗೆ ಪ್ರಸ್ತಾಪಿಸುತ್ತಾರೆ. ಮೂರಕ್ಕೂ ಅಲ್ಲಿರುವ ಷರತ್ತು ಒಂದೇ: ಜನ ನೋಡಲೆಂದು ಮಾಡಬಾರದು. ಉಪವಾಸವಿರುವವನು ಮುಖ ಬಾಡಿಸಿಕೊಂಡು ತಿರುಗದೆ ಎಂದಿನಂತೆಯೇ ಇರಬೇಕು ಎಂಬುದು ಅಲ್ಲಿನ ಬೋಧೆ. ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಓದುವುದು ಇದೇ ಭಾಗವನ್ನು. ಓದಿ ಮುಗಿದ ಸ್ವಲ್ಪ ಹೊತ್ತಿಗೆಲ್ಲ ಗುರುಗಳು ಬಂದವರ ಹಣೆಗೆ ಎಲ್ಲರಿಗೂ ಕಾಣುವಂತೆ ಬೂದಿ ಹಚ್ಚುತ್ತಾರೆ. ಮರೆಯಲ್ಲಿರಬೇಕಾದ ಸಾಧನೆ, ಕಣ್ಣಿಗೆ ಕಾಣುವ ಗುರುತು ಎರಡೂ ಒಂದೇ ದಿನ, ಒಂದೇ ಪೂಜೆಯಲ್ಲಿ ಎದುರುಬದುರಾಗುತ್ತವೆ.

ಯೇಸು ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದರು ಎಂಬ ಸುವಾರ್ತೆಯ ಪ್ರಸಂಗವೇ ತಪಸ್ಸುಕಾಲದ ಎಣಿಕೆಗೆ ಆಧಾರ. ಭಾನುವಾರಗಳು ಹಬ್ಬದ ದಿನಗಳಾದ್ದರಿಂದ ಅವು ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಪಂಚಾಂಗದಲ್ಲಿ ವಿಭೂತಿ ಬುಧವಾರ ಈಸ್ಟರಿಗೆ 46 ದಿನ ಮುಂಚೆ ಬೀಳುತ್ತದೆ. ಕಥೋಲಿಕ ಸಭೆಯ ಈಗಿನ ನಿಯಮ ಹಿಂದಿನಷ್ಟು ಕಟುವಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ 18ರಿಂದ 59 ವರ್ಷದವರು ಒಂದು ಹೊತ್ತು ಪೂರ್ಣ ಊಟ ಮಾಡಿ, ಉಳಿದ ಎರಡು ಹೊತ್ತು ಅಲ್ಪಾಹಾರದಲ್ಲಿ ಮುಗಿಸಬೇಕು, ಮಾಂಸ ವರ್ಜ್ಯ. ಮಿಕ್ಕ ದಿನಗಳಲ್ಲಿ ಏನನ್ನು ಬಿಡಬೇಕು, ಏನನ್ನು ಕೊಡಬೇಕು ಎಂಬುದು ಬಹುಮಟ್ಟಿಗೆ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು.

ಸಾಧನೆಯನ್ನೇ ಜೀವನದ ಕಸುಬಾಗಿ ಮಾಡಿಕೊಂಡವರ ಪರಂಪರೆ ಈಜಿಪ್ಟಿನ ಮರುಭೂಮಿಯಲ್ಲಿ ಆರಂಭವಾಯಿತು. ಮೂರನೇ ಶತಮಾನದ ಕೊನೆಯ ಭಾಗದಲ್ಲಿ ಅಂತೋಣಿ ಎಂಬ ಯುವಕ ಆಸ್ತಿಯನ್ನು ಹಂಚಿ ಏಕಾಂತಕ್ಕೆ ಹೋದ. ಅವನ ಹಿಂದೆ ಸಾವಿರಾರು ಜನ ಹೋದರು. ಆರನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಮಠಗಳಿಗೆ ಒಂದು ನಿಯಮಾವಳಿ ಬರೆದರು. ದಿನವನ್ನು ಪ್ರಾರ್ಥನೆ, ಓದು, ದುಡಿಮೆ ಎಂದು ಹೊತ್ತು ಹೊತ್ತಿಗೆ ಹಂಚಿದ ಆ ಪುಸ್ತಕದಲ್ಲಿ ಹೊಲದ ಕೆಲಸಕ್ಕೂ ಸ್ತೋತ್ರಪಠನಕ್ಕೂ ಸ್ಥಾನವಿದೆ. ಕಾಯಕದ ಕಲ್ಪನೆ ಬಲ್ಲ ಕನ್ನಡಿಗರಿಗೆ ಇದು ದೂರದ ವಿಚಾರವೇನಲ್ಲ. ಹದಿನಾರನೇ ಶತಮಾನದಲ್ಲಿ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಸಾಧನೆಯನ್ನು ಮಠದ ಗೋಡೆಯಿಂದ ಹೊರಗೆ ತಂದರು. ದಿನವೂ ಕುಳಿತು, ಕಳೆದ ಗಂಟೆಗಳನ್ನು ಒಂದೊಂದಾಗಿ ನೆನೆದು, ಎಲ್ಲಿ ಎಡವಿದೆ ಎಂದು ತನ್ನನ್ನೇ ಕೇಳಿಕೊಳ್ಳುವ ಆತ್ಮಪರೀಕ್ಷೆ ಅವರು ಒತ್ತಿಹೇಳಿದ ನೇಮಗಳಲ್ಲಿ ಒಂದು.

ಅದೇ ಶತಮಾನದಲ್ಲಿ ಇದೆಲ್ಲದರ ವಿರುದ್ಧ ದನಿಯೂ ಎದ್ದಿತು. ಸ್ವತಃ ಕಟ್ಟುನಿಟ್ಟಿನ ಸಂನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್, ಉಪವಾಸ ಜಾಗರಣೆಗಳಿಂದ ಮುಕ್ತಿಯನ್ನು ಸಂಪಾದಿಸಲಾಗದು ಎಂದು ಸಾರಿದರು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ 1522ರ ವ್ರತದ ದಿನಗಳಲ್ಲೇ ಒಬ್ಬ ಮುದ್ರಕನ ಮನೆಯಲ್ಲಿ ಕೆಲವರು ಬೇಕೆಂದೇ ಮಾಂಸ ತಿಂದರು. ಸುಧಾರಕ ಜ್ವಿಂಗ್ಲಿ ಅವರ ಪರ ವಹಿಸಿ, ಇಂಥದನ್ನು ತಿನ್ನಬೇಕು ಇಂಥದನ್ನು ಬಿಡಬೇಕು ಎಂದು ಕಟ್ಟುಪಾಡು ಮಾಡಲು ಸಭೆಗೆ ಅಧಿಕಾರವಿಲ್ಲ ಎಂದು ವಾದಿಸಿದರು. ಕರ್ನಾಟಕದ ಕಥೋಲಿಕರೂ ಪ್ರಾಟೆಸ್ಟೆಂಟರೂ ಉಪವಾಸವನ್ನು ಬೇರೆ ಬೇರೆ ರೀತಿ ಕಾಣುವುದಕ್ಕೆ ಕಾರಣ ಐದು ಶತಮಾನದ ಹಿಂದಿನ ಈ ಜಗಳದಲ್ಲಿದೆ.

ಕಾವಿ ಉಟ್ಟ ಪಾದ್ರಿಗಳು

ಇಟಲಿಯ ರೊಬೆರ್ಟೊ ಡಿ ನೊಬಿಲಿ 1606ರಲ್ಲಿ ಮದುರೆಗೆ ಬಂದಾಗ ಅಲ್ಲಿನ ಜನ ಕ್ರೈಸ್ತರೆಂದರೆ ಪರಂಗಿಯವರು, ಮದ್ಯ ಮಾಂಸ ಸೇವಿಸುವವರು ಎಂದು ತಿಳಿದಿದ್ದರು. ನೊಬಿಲಿ ಕಪ್ಪು ನಿಲುವಂಗಿ ಬಿಟ್ಟು ಕಾವಿ ಉಟ್ಟರು. ದಿನಕ್ಕೆ ಒಂದೇ ಹೊತ್ತು ಅನ್ನ, ಸೊಪ್ಪು, ಹಾಲಿನ ಊಟ ಮಾಡಿದರು. ಸಂಸ್ಕೃತ, ತಮಿಳು, ತೆಲುಗು ಕಲಿತರು. ಪೋಪ್ 15ನೇ ಗ್ರೆಗರಿ 1623ರಲ್ಲಿ ಈ ಕ್ರಮಕ್ಕೆ ಒಪ್ಪಿಗೆ ಕೊಟ್ಟರು.

ಅದೇ ಕ್ರಮವನ್ನು ಮೈಸೂರಿಗೆ ತಂದವರು ಇನ್ನೊಬ್ಬ ಇಟಾಲಿಯನ್ ಯೇಸುಸಭೆಯ ಪಾದ್ರಿ, ಲಿಯೊನಾರ್ಡೊ ಚಿನ್ನಾಮಿ. ಹದಿನೇಳನೇ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಅವರು ಶ್ರೀರಂಗಪಟ್ಟಣವನ್ನು ಕೇಂದ್ರ ಮಾಡಿಕೊಂಡು ಸಂನ್ಯಾಸಿಯಂತೆ ಬಾಳಿದರು. ಕನ್ನಡ ಕಲಿತು, ಧರ್ಮಬೋಧೆಯ ಪುಸ್ತಕ, ಸಂತರ ಚರಿತ್ರೆ, ವ್ಯಾಕರಣ, ನಿಘಂಟುಗಳನ್ನು ಸಿದ್ಧಪಡಿಸಿದರೆಂದು ಯೇಸುಸಭೆಯ ಚರಿತ್ರೆಕಾರರು ದಾಖಲಿಸಿದ್ದಾರೆ. ಕ್ರೈಸ್ತರ ನೇಮನಿಷ್ಠೆಗಳನ್ನು ಕನ್ನಡದಲ್ಲಿ ಹೇಳುವ ಮೊದಲ ಪ್ರಯತ್ನಗಳಲ್ಲಿ ಇವು ಸೇರುತ್ತವೆ.

ಈ ಕ್ರಮದ ಹಿಂದೆ ಒಂದು ತಿಳಿವಳಿಕೆ ಇತ್ತು: ಈ ನಾಡಿನಲ್ಲಿ ಗುರುವಿನ ಮಾತಿಗಿಂತ ಮೊದಲು ಜನ ನೋಡುವುದು ಗುರುವಿನ ಊಟವನ್ನು. ತಿನ್ನುವುದರಲ್ಲಿ ಹಿಡಿತವಿಲ್ಲದವನ ಬೋಧೆಗೆ ಕಿವಿಗೊಡುವವರಿಲ್ಲ. ಯೂರೋಪಿನಲ್ಲಿ ಒಳಗಿನ ಶುದ್ಧಿಗಾಗಿ ಇದ್ದ ಉಪವಾಸ ಇಲ್ಲಿ ಗುರುವಿನ ಅರ್ಹತಾಪತ್ರವೂ ಆಯಿತು.

ಆದರೆ ಆ ಉಡುಪು ಜಾತಿಯ ಲೆಕ್ಕವನ್ನೂ ಜೊತೆಗೆ ತಂದಿತು. ಮೇಲುಜಾತಿಯವರ ನಡುವೆ ಸಂನ್ಯಾಸಿಯಾಗಿ ಮನ್ನಣೆ ಉಳಿಸಿಕೊಳ್ಳಬೇಕಾದವನು ಕೆಳಜಾತಿಯವರ ಕೇರಿಗೆ ಹಗಲಲ್ಲಿ ಹೋಗುವಂತಿರಲಿಲ್ಲ. ಮದುರೆ ಮಿಷನ್ನಿನಲ್ಲಿ 1640ರ ಹೊತ್ತಿಗೆ ಶೂದ್ರರು ಮತ್ತು ಅಸ್ಪೃಶ್ಯರ ನಡುವೆ ಕೆಲಸ ಮಾಡಲು ‘ಪಂಡಾರಸ್ವಾಮಿ’ಗಳೆಂಬ ಪ್ರತ್ಯೇಕ ಪಾದ್ರಿಗಳನ್ನೇ ನೇಮಿಸಬೇಕಾಯಿತು. ಸಾಯುತ್ತಿರುವ ಅಸ್ಪೃಶ್ಯನೊಬ್ಬನಿಗೆ ಕೊನೆಯ ಸಂಸ್ಕಾರ ಕೊಡಲು ಅವನ ಗುಡಿಸಲಿಗೆ ಪಾದ್ರಿ ಹೋಗಬೇಕೇ ಬೇಡವೇ ಎಂಬುದು ರೋಮಿನವರೆಗೂ ಹೋದ ವಿವಾದವಾಯಿತು. ಹೋಗಲೇಬೇಕು ಎಂದು ರೋಮ್ ಹೇಳಿತು. ಪೋಪ್ 14ನೇ ಬೆನೆಡಿಕ್ಟ್ 1744ರಲ್ಲಿ ಹೊರಡಿಸಿದ ಆಜ್ಞೆ ಇಂಥ ಹಲವು ರಿವಾಜುಗಳಿಗೆ ಕಡಿವಾಣ ಹಾಕಿತು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಯಾಯಿತು. ಮೈಸೂರಿನ ಕೆಲಸ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳ ಕೈಸೇರಿತು.

ಗುರುವಿಲ್ಲದ ಹದಿನೈದು ವರ್ಷ

ಅತ್ತ ಕರಾವಳಿಯಲ್ಲಿ ಸಾಧನೆಯ ಕೇಂದ್ರ ಬೇರೆಯದಾಗಿತ್ತು. ಅಲ್ಲಿ ಸಂನ್ಯಾಸಿಗಿಂತ ಮನೆ ಮುಖ್ಯ. ಮುಸ್ಸಂಜೆ ಇಗರ್ಜಿಯ ಗಂಟೆ ಹೊಡೆದಾಗ ‘ಆಮೊರಿ’ ಪ್ರಾರ್ಥನೆ. ಬಳಿಕ ದೇವರ ಪೀಠದ ಎದುರು ಮನೆಮಂದಿಯೆಲ್ಲ ಕುಳಿತು ‘ತೇರ್ಸ್’, ಎಂದರೆ ಜಪಸರ. ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುವುದು. ಅಕ್ಷರ ಬಾರದವರಿಗೂ ಪ್ರಾರ್ಥನೆಗಳು ಬಾಯಿಪಾಠ. ಜಪಸರದ 53 ಸಣ್ಣ ಮಣಿಗಳೇ ಅವರ ಪುಸ್ತಕ.

ಈ ಮನೆಯ ನೇಮಕ್ಕೆ 1784ರಲ್ಲಿ ದೊಡ್ಡ ಪರೀಕ್ಷೆ ಒದಗಿತು. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹೀಗೆ ಒಯ್ಯಲ್ಪಟ್ಟವರ ಸಂಖ್ಯೆಯ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ಸುಮಾರು 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಅಂದಾಜುಗಳಿವೆ. ಸೆರೆ ನಡೆದದ್ದು ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು ಎಂದು ಸಮುದಾಯದ ನೆನಪು ಹೇಳುತ್ತದೆ. ಘಟ್ಟ ಹತ್ತುವ ದಾರಿಯಲ್ಲೇ ಎಷ್ಟೋ ಜನ ಸತ್ತರು. ಗೋವೆಯ ಪಾದ್ರಿಗಳನ್ನು ಹೊರಗಟ್ಟಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು, ಸೆರೆಯಾಳುಗಳಲ್ಲಿ ಬಹಳಷ್ಟು ಜನರನ್ನು ಮತಾಂತರಿಸಲಾಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ, ಹದಿನೈದು ವರ್ಷ, ಅವರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಬೂದಿ ಹಚ್ಚುವ ಕೈಯಿಲ್ಲ.

ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸ ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಗೆ ಬಂತು. 1792ರಲ್ಲಿ ಭಾರತಕ್ಕೆ ಬಂದಿದ್ದ ದ್ಯುಬುವಾ ಚಿನ್ನಾಮಿಯ ದಾರಿಯನ್ನೇ ಹಿಡಿದವರು. ದೇಶೀ ಉಡುಪು ತೊಟ್ಟರು, ಮಾಂಸ ಬಿಟ್ಟರು, ಊರೂರು ತಿರುಗಿದರು. ಸಿಡುಬಿಗೆ ಲಸಿಕೆ ಹಾಕುವ ಕೆಲಸದಲ್ಲಿ ಮುಂದಾದರು. ಹಾಸನದ ಕಡೆ ನಿರ್ಗತಿಕ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಿಂದೂಗಳ ಆಚಾರವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ 1816ರಲ್ಲಿ ಪ್ರಕಟವಾದ ಗ್ರಂಥ ಯೂರೋಪಿನಲ್ಲಿ ಹೆಸರುವಾಸಿಯಾಯಿತು. ಅದರ ಹೆಚ್ಚಿನ ಭಾಗ ಹಿಂದಿನ ತಲೆಮಾರಿನ ಯೇಸುಸಭೆಯ ಕೇರ್ದೂ ಎಂಬುವರ ಹಸ್ತಪ್ರತಿಯಿಂದ ಬಂದದ್ದೆಂದು ವಿದ್ವಾಂಸರು ಮುಂದೆ ತೋರಿಸಿದ್ದಾರೆ.

ಮೂರು ದಶಕ ಸಂನ್ಯಾಸಿಯಂತೆ ಬಾಳಿದ ಈ ಮನುಷ್ಯ 1823ರಲ್ಲಿ ಬೇಸತ್ತು ತಾಯ್ನಾಡಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯೇ ಇಲ್ಲ ಎಂದು ಬರೆದರು. ಶ್ರೀರಂಗಪಟ್ಟಣದ ಸೆರೆಯಾಳುಗಳ ಬಗ್ಗೆ ಅವರ ಮಾತು ಕಟುವಾದದ್ದು: ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡಲು ಒಬ್ಬರೂ ಮುಂದಾಗಲಿಲ್ಲ ಎಂಬುದು ಅವರ ದೂರು.

ಆದರೆ ಅದೇ ದ್ಯುಬುವಾ ಒಪ್ಪಿಕೊಂಡ ಇನ್ನೊಂದು ಸಂಗತಿಯಿದೆ. ಸೆರೆ ಮುಗಿದ ಮೇಲೆ ಬದುಕುಳಿದವರಲ್ಲಿ ಹೆಚ್ಚಿನವರು ತಾವಾಗಿಯೇ ಬಂದು ಮತ್ತೆ ಸಭೆಗೆ ಸೇರಿಕೊಂಡರು. ಸಾವಿರಾರು ಜನ ಘಟ್ಟ ಇಳಿದು, ಬಿದ್ದುಹೋದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಸೆರೆಯಲ್ಲಿ ಹುಟ್ಟಿದ ಮಕ್ಕಳು ಆಗ ಹದಿಹರೆಯದವರು. ಅವರು ಪಾದ್ರಿಯನ್ನು ಕಂಡೇ ಇರಲಿಲ್ಲ. ಅವರಿಗೆ ಧರ್ಮ ದಾಟಿಬಂದ ಹಾದಿ ಮನೆಯವರ ಬಾಯಿಪಾಠವಲ್ಲದೆ ಬೇರೆ ಯಾವುದಿದ್ದೀತು? ವೀರಮರಣವನ್ನು ಹುಡುಕಿದ ಕಣ್ಣಿಗೆ, ಕತ್ತಲಲ್ಲಿ ಗೊಣಗಿದ ಪ್ರಾರ್ಥನೆ ಬೀಳದೆ ಹೋದದ್ದು ಸಹಜ. ಮರೆಯಲ್ಲಿ ನಡೆದದ್ದಕ್ಕೆ ದಾಖಲೆಯೂ ಇರುವುದಿಲ್ಲ. ಮರಳಿ ಬಂದ ಜನರೇ ಅದರ ದಾಖಲೆ.

ಗೋಡೆಯೊಳಗಿನ ಮೌನ, ಕಾರ್ಖಾನೆಯ ಪ್ರಾರ್ಥನೆ

ಮರಳಿ ಕಟ್ಟಿಕೊಂಡ ಆ ಮಂಗಳೂರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಎರಡು ಬಗೆಯ ಶಿಸ್ತುಗಳು ಅಕ್ಕಪಕ್ಕದಲ್ಲೇ ಬೆಳೆದವು.

ಮೊದಲನೆಯದು ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಜರ್ಮನ್-ಸ್ವಿಸ್ ಪ್ರಾಟೆಸ್ಟೆಂಟರಿಗೆ ಕಾವಿ, ಜಪಸರ, ಕಡ್ಡಾಯ ಉಪವಾಸ ಯಾವುದೂ ಒಪ್ಪಿಗೆಯಿರಲಿಲ್ಲ. ಅವರ ಸಾಧನೆ ಓದಿನಲ್ಲಿತ್ತು: ಬೆಳಿಗ್ಗೆ ಸಂಜೆ ಮನೆಯಲ್ಲಿ ಬೈಬಲ್ ಪಠಣ, ಸಂಗೀತ, ಪ್ರಾರ್ಥನೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಿದ್ದು ಈ ನೇಮಕ್ಕೆ ಆಧಾರವಾಯಿತು. ಅಕ್ಷರ ಕಲಿಯುವುದೇ ಅವರಿಗೆ ಮೊದಲ ವ್ರತ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದ ಮೇಲೆ ಶಿಸ್ತು ಅಲ್ಲಿಗೂ ನಡೆಯಿತು. ಪ್ರಾರ್ಥನೆಯ ನಂತರ ಕೆಲಸ, ಭಾನುವಾರ ರಜೆ, ಕುಡಿತಕ್ಕೆ ನಿಷೇಧ. ಜಾತಿಭೇದವನ್ನು ಸಭೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಸಂನ್ಯಾಸಿ-ಪಾದ್ರಿಗಳು ಬಿಡಿಸಲಾಗದೆ ಉಳಿಸಿದ ಗಂಟನ್ನು ಇವರು ಒಂದೇ ಏಟಿಗೆ ಕತ್ತರಿಸಲು ನೋಡಿದರು. ಹೊಸದಾಗಿ ಸೇರಿದವರು ತಮ್ಮ ಹಳೆಯ ನೆಂಟಸ್ತಿಕೆಗಳನ್ನೆಲ್ಲ ಕಳೆದುಕೊಂಡು ಮಿಷನ್ನಿನ ಆಶ್ರಯಕ್ಕೇ ಜೋತುಬೀಳಬೇಕಾದದ್ದು ಅದಕ್ಕೆ ತೆತ್ತ ಬೆಲೆ.

ಎರಡನೆಯದು ಕಾರ್ಮೆಲ್ ಸಭೆಯ ಸಂನ್ಯಾಸಿನಿಯರದು. ಬಿಷಪ್ ಮರಿ ಎಫ್ರೆಂ ಅವರ ಪ್ರಯತ್ನದಿಂದ 1870ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ಗೋಡೆಯೊಳಗಿನ ಕಾರ್ಮೆಲ್ ಮಠ ಸ್ಥಾಪನೆಯಾಯಿತು. ಅಲ್ಲಿ ಸೇರಿದವರು ಹೊರಜಗತ್ತಿಗೆ ಮರಳುವುದಿಲ್ಲ. ಮೌನ, ಧ್ಯಾನ, ಕೈಗೆಲಸ ಇವೇ ಜೀವನ. ಫ್ರಾನ್ಸಿನಿಂದ ಹೊರಟವರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡಿದ್ದರು. ಉಳಿದು ಬಂದವರಲ್ಲಿ ಗಲಿಲಾಯದ ಹಳ್ಳಿಯೊಂದರಲ್ಲಿ ಹುಟ್ಟಿದ, ಓದುಬರಹ ಅಷ್ಟಾಗಿ ತಿಳಿಯದ ಅರಬ್ ಹುಡುಗಿ ಮರಿಯಂ ಬವಾರ್ದಿ ಒಬ್ಬಳು. 1871ರ ನವೆಂಬರ್ 21ರಂದು ಆಕೆ ಮಂಗಳೂರಿನಲ್ಲೇ ಸಂನ್ಯಾಸದ ವಚನ ಕೊಟ್ಟಳು.

ಮರಿಯಂಗೆ ದರ್ಶನಗಳಾಗುತ್ತಿದ್ದವು, ಮೈಮರೆಯುತ್ತಿದ್ದಳು. ಬೇರೆ ಕಡೆಯಾಗಿದ್ದರೆ ಜನ ಮುಗಿಬೀಳುತ್ತಿದ್ದರೇನೋ. ಆದರೆ ಹಿರಿಯರು ಅದನ್ನು ಸಂಶಯದಿಂದ ನೋಡಿದರು. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳಿಸಲಾಯಿತು. ಎದುರಾಡದೆ ಹೋದಳು. ಕ್ರೈಸ್ತ ಸಾಧನೆಯ ಒಂದು ಮುಖ್ಯ ತತ್ವ ಇಲ್ಲಿ ಕಾಣುತ್ತದೆ. ಅಲೌಕಿಕ ಅನುಭವಕ್ಕೆ ಆ ಪರಂಪರೆಯಲ್ಲಿ ಎರಡನೆಯ ಸ್ಥಾನ. ಮೊದಲ ಸ್ಥಾನ ವಿಧೇಯತೆಗೆ, ದಿನದ ಕೆಲಸಕ್ಕೆ. ಮುಂದೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟುವಾಗ ಕೂಲಿಯವರಿಗೆ ನೀರು ಒಯ್ಯುತ್ತಿದ್ದಾಗ ಬಿದ್ದು ಗಾಯಗೊಂಡು ಆಕೆ 1878ರಲ್ಲಿ ತೀರಿಕೊಂಡಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು.

ಕೆಂಗೇರಿಯ ಮೇಜು ಕುರ್ಚಿ

ಕಾವಿಯ ಪ್ರಶ್ನೆ ಮತ್ತೆ ಎದ್ದದ್ದು ಸ್ವಾತಂತ್ರ್ಯಾನಂತರ, ಬೆಂಗಳೂರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ ಬೆನೆಡಿಕ್ಟನ ಮಠ ಸೇರಿದ್ದ ಇಂಗ್ಲಿಷ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್, ಕೇರಳ ಮೂಲದ ಫಾದರ್ ಬೆನೆಡಿಕ್ಟ್ ಆಲಪಾಟ್ ಜೊತೆ 1955ರಲ್ಲಿ ಭಾರತಕ್ಕೆ ಬಂದು ಕೆಂಗೇರಿಯಲ್ಲಿ ನೆಲೆ ನಿಂತರು. ಯೂರೋಪಿನ ಮಠದ ಅಳತೆಯಲ್ಲಿ ಅವರದು ಬಡತನದ ಜೀವನ. ಆದರೆ ಮಂಚ, ಮೇಜು, ಕುರ್ಚಿ, ಬೂಟು ಇದ್ದ ಆ ಬಡತನ ಸುತ್ತಲಿನ ಹಳ್ಳಿಗರ ಕಣ್ಣಿಗೆ ಸಿರಿತನವಾಗಿ ಕಾಣುತ್ತದೆ ಎಂಬುದು ಗ್ರಿಫಿತ್ಸ್ ಅವರಿಗೆ ಬಹುಬೇಗ ಹೊಳೆಯಿತು. ಅಪರಿಗ್ರಹದ ವ್ರತ ತೊಟ್ಟವನು ನೆರೆಯವನಿಗಿಂತ ಸುಖವಾಗಿದ್ದರೆ ಆ ವ್ರತಕ್ಕೆ ಏನರ್ಥ? 1958ರಲ್ಲಿ ಅವರು ಕೇರಳದ ಬೆಟ್ಟದ ಮೇಲಿನ ಕುರಿಶುಮಲ ಆಶ್ರಮಕ್ಕೆ ಹೋದರು; ಕಾವಿ ಉಟ್ಟು, ನೆಲದ ಮೇಲೆ ಕುಳಿತು, ಕೈಯಲ್ಲಿ ಉಂಡರು. 1968ರಲ್ಲಿ ಕಾವೇರಿ ದಂಡೆಯ ಶಾಂತಿವನಕ್ಕೆ ತೆರಳಿ, 1993ರಲ್ಲಿ ಅಲ್ಲಿಯೇ ನಿಧನರಾದರು. ಬೆನೆಡಿಕ್ಟನ ನಿಯಮ ಕೆಂಗೇರಿ ಸೀಮೆಯಲ್ಲಿ ಆಶೀರ್ವನಂ ಮಠದ ರೂಪದಲ್ಲಿ ಉಳಿದು ಬೆಳೆಯಿತು.

ಇದೇ ಹೊತ್ತಿಗೆ ಎರಡನೇ ವ್ಯಾಟಿಕನ್ ಮಹಾಸಭೆ (1962–65) ಆಯಾ ನಾಡಿನ ಭಾಷೆ ಸಂಸ್ಕೃತಿಗಳಿಗೆ ಬಾಗಿಲು ತೆರೆಯಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದ ನಿರ್ದೇಶಕ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಈ ಕೆಲಸಕ್ಕೆ ಮುಂದಾದರು. ಭಾರತದ ಬಿಷಪರ ಕೋರಿಕೆಯ ಮೇರೆಗೆ ರೋಮ್ 1969ರ ಏಪ್ರಿಲಿನಲ್ಲಿ ಹನ್ನೆರಡು ಅಂಶಗಳಿಗೆ ಅನುಮತಿ ನೀಡಿತು. ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಪಂಚಾಂಗ ಪ್ರಣಾಮ, ಆರತಿ, ಮೇಣದ ಬತ್ತಿಯ ಬದಲು ಎಣ್ಣೆದೀಪ, ನಿಲುವಂಗಿಯ ಬದಲು ಶಾಲು ಮುಂತಾದವು ಅದರಲ್ಲಿದ್ದವು. ಅಮಲೋರ್ಪವದಾಸ್ ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನಕ್ಕೆ ನೆಲೆ ಒದಗಿಸಿದರು. ಮೈಸೂರಿನಲ್ಲೇ ಅಂಜಲಿ ಆಶ್ರಮ ಕಟ್ಟಿ, ಸಂಧ್ಯಾಕಾಲದ ಧ್ಯಾನ ಮತ್ತು ಮೌನವನ್ನು ಜನಸಾಮಾನ್ಯರಿಗೂ ಕಲಿಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ವಿರೋಧ ಎರಡು ದಿಕ್ಕಿನಿಂದ ಬಂತು. ಇದು ಹಿಂದೂ ಪೂಜೆಯ ಅನುಕರಣೆ ಎಂದು ಕಥೋಲಿಕರಲ್ಲೇ ಹಲವರು ಪ್ರತಿಭಟಿಸಿದರು. ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣ ದಲಿತ ಕ್ರೈಸ್ತ ಚಿಂತನೆಗೆ ನಾಂದಿಯಾಯಿತು. ಭಾರತೀಯ ಕ್ರೈಸ್ತಚಿಂತನೆ ಎಂದು ಕರೆಸಿಕೊಂಡದ್ದು ವೇದಾಂತ ಮತ್ತು ಬ್ರಾಹ್ಮಣ ಪರಂಪರೆಯನ್ನಷ್ಟೇ ಮಾತಾಡಿಸಿದೆ. ಸಭೆಯಲ್ಲಿ ಹೆಚ್ಚಿನವರಾದ ದಲಿತರ ಅನುಭವಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ಈ ಚಿಂತಕರ ವಾದ. ಆಶ್ರಮಗಳ ಸಸ್ಯಾಹಾರ, ಸಂಸ್ಕೃತ ಮಂತ್ರ, ಕಾವಿಗಳೂ ಅದೇ ತಕ್ಕಡಿಗೆ ಬಂದವು. ಯಾವ ದೇವಸ್ಥಾನದ ಬಾಗಿಲು ಮುಚ್ಚಿತ್ತೆಂದು ಅಜ್ಜ ಇಗರ್ಜಿಗೆ ಬಂದನೋ, ಅದರ ಆರತಿಯನ್ನೇ ಮೊಮ್ಮಗ ಇಗರ್ಜಿಯಲ್ಲಿ ಕಾಣಬೇಕೇ? ಹಸಿವು ದಿನನಿತ್ಯದ ಮಾತಾಗಿದ್ದವನಿಗೆ ಉಪವಾಸವನ್ನು ಬೋಧಿಸುವುದು ಹೇಗೆ? 1744ರಲ್ಲಿ ರೋಮಿನ ಮುಂದಿದ್ದ ಪ್ರಶ್ನೆ ಬೇರೆ ಮಾತಿನಲ್ಲಿ ಮತ್ತೆ ಎದುರಾಗಿತ್ತು.

ಬೀದಿಗೆ ಇಳಿದ ಕಾವಿ

ಪಂಡಿತರ ಈ ಚರ್ಚೆ ನಡೆಯುತ್ತಿರುವಾಗಲೇ ಕಾವಿ ಸದ್ದಿಲ್ಲದೆ ಬೇರೆ ಹೆಗಲೇರಿತ್ತು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ಪ್ರತಿವರ್ಷ ಆಗಸ್ಟ್ 29ರಂದು ಧ್ವಜ ಏರಿ, ಒಂಬತ್ತು ದಿನಗಳ ನೊವೇನಾ ನಡೆದು, ಸೆಪ್ಟೆಂಬರ್ 8ರಂದು ತೇರು ಹೊರಡುತ್ತದೆ. ಅದರ ಮೂಲ ದ್ಯುಬುವಾ ಅವರ ಕಾಲದ ಒಂದು ಸಣ್ಣ ಪ್ರಾರ್ಥನಾಮಂದಿರ; ಈಗಿನ ಕಟ್ಟಡ 1882ರದು. ಈ ದಿನಗಳಲ್ಲಿ ಹರಕೆ ಹೊತ್ತವರು ಕಾವಿ ಉಡುತ್ತಾರೆ. ಕೂಲಿ ಮಾಡುವವರು, ಆಟೋ ಓಡಿಸುವವರು, ಮನೆಗೆಲಸದ ಹೆಂಗಸರು ಅವರಲ್ಲಿದ್ದಾರೆ. ಒಪ್ಪತ್ತಿನ ಊಟ, ಮಾಂಸ ವರ್ಜ್ಯ, ಕಾಲ್ನಡಿಗೆ ಇವೇ ನೇಮ. ಕನ್ನಡ ತಮಿಳು ಎರಡೂ ಕೇಳಿಬರುವ ಆ ಜಾತ್ರೆಗೆ ಬೇರೆ ಧರ್ಮದವರೂ ಬರುತ್ತಾರೆ. ಚಿನ್ನಾಮಿಯ ಕಾಲದಲ್ಲಿ ಮೇಲುಜಾತಿಯ ಗೌರವ ಗಳಿಸಲು ಪಾದ್ರಿ ಉಟ್ಟ ಬಟ್ಟೆಯನ್ನು ಇಂದು ದುಡಿಯುವ ಜನ ಯಾರ ಅನುಮತಿಯನ್ನೂ ಕೇಳದೆ ಉಡುತ್ತಿದ್ದಾರೆ. ವೈದಿಕವೋ ದಲಿತವೋ ಎಂಬ ವಾದ ಅವರ ಹರಕೆಯನ್ನು ತಡೆದಿಲ್ಲ.

ನಗರದ ಉತ್ತರದ ಅಂಚಿನಲ್ಲಿ ಇನ್ನೊಂದು ಚಿತ್ರವಿದೆ. ಹೆಸರಘಟ್ಟ ರಸ್ತೆಯ ಸೋಲದೇವನಹಳ್ಳಿಯಂಥ ಊರುಗಳು ಹೊಲಗದ್ದೆಗಳಿಂದ ಕಾಲೇಜು, ಹಾಸ್ಟೆಲು, ಬಡಾವಣೆಗಳಿಗೆ ತಿರುಗಿಕೊಂಡಿವೆ. ಕೇರಳ, ಈಶಾನ್ಯ ರಾಜ್ಯಗಳು, ಆಫ್ರಿಕದ ದೇಶಗಳಿಂದ ಬಂದ ಕ್ರೈಸ್ತ ವಿದ್ಯಾರ್ಥಿಗಳು ಇಲ್ಲಿ ಒಂದೇ ಸೂರಿನಡಿ ಇರುತ್ತಾರೆ. ಅವರ ನೇಮಗಳು ಒಂದೇ ಅಲ್ಲ. ಕೇರಳದ ಸಿರಿಯನ್ ಕ್ರೈಸ್ತರಿಗೆ ಈಸ್ಟರಿನ ಮುಂಚೆ ಐವತ್ತು ದಿನಗಳ ನೋಂಬು. ಪರಂಪರೆಯಂತೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ನಾಗಾಲ್ಯಾಂಡಿನ ಬ್ಯಾಪ್ಟಿಸ್ಟರಿಗೆ ಪಂಚಾಂಗದ ವ್ರತವಿಲ್ಲ. ಆದರೆ ಬೈಬಲ್ ಓದು, ಉಪವಾಸ ಪ್ರಾರ್ಥನೆಗಳ ರೂಢಿ ಇದೆ. ಗಂಟೆ ಕೇಳುವ ದೂರದಲ್ಲಿ ಇಗರ್ಜಿಯಿಲ್ಲ, ಸಂಜೆಗೆ ಕರೆಯುವ ತಾಯಿಯಿಲ್ಲ, ಮೆಸ್ಸಿನ ಅಡುಗೆಗೆ ಯಾರ ವ್ರತವೂ ಗೊತ್ತಿಲ್ಲ. ಶ್ರೀರಂಗಪಟ್ಟಣದ ಸಂಕಟಕ್ಕೆ ಇದನ್ನು ಹೋಲಿಸಲಾಗದು. ಆದರೂ ಹೇಳುವವರಿಲ್ಲದಾಗ ನೇಮ ಉಳಿಯುತ್ತದೆಯೇ ಎಂಬ ಪ್ರಶ್ನೆ ಹಾಸ್ಟೆಲಿನ ಕೋಣೆಯಲ್ಲೂ ಇದ್ದೇ ಇದೆ.

ಚರಿತ್ರೆ ಹೇಳುವುದನ್ನು ನೋಡಿದರೆ ಹೊರಗಿನ ರೂಪಗಳು ವ್ಯರ್ಥವೆನ್ನುವಂತಿಲ್ಲ. ಕಾವಿ ಇಲ್ಲದಿದ್ದರೆ ಚಿನ್ನಾಮಿಯ ಮಾತನ್ನು ಕೇಳುವವರು ಇರುತ್ತಿರಲಿಲ್ಲ. ತಪಸ್ಸುಕಾಲ ಎಂಬ ಪದವೂ ಬಹುಶಃ ಸಿಗುತ್ತಿರಲಿಲ್ಲ. ಆದರೆ ರೂಪಗಳನ್ನು ರೂಪಿಸಿದವರು ಅವುಗಳ ಬಗ್ಗೆ ಕಾದಾಡುತ್ತಿದ್ದಾಗ, ಅವುಗಳಿಗೆ ಜೀವ ತುಂಬಿದವರು ಹೆಚ್ಚಾಗಿ ಹೆಸರಿಲ್ಲದವರು. ಮಣಿ ಎಣಿಸಿದ ಅಜ್ಜಿಯರು, ಪಾದ್ರಿಯನ್ನು ಕಾಣದೆ ಪ್ರಾರ್ಥನೆ ಕಲಿತ ಮಕ್ಕಳು, ಕೆಲಸಕ್ಕೆ ಮೊದಲು ತಲೆಬಾಗಿದ ಹೆಂಚಿನ ಕಾರ್ಮಿಕರು.

ವಿಭೂತಿ ಬುಧವಾರದ ಬೂದಿ ಎಲ್ಲಿಂದ ಬರುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರದಂದು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತಾಳೆಯ ಅಥವಾ ತೆಂಗಿನ ಗರಿಯನ್ನು ಜನ ಮನೆಗೆ ಒಯ್ದು ದೇವರ ಪಟಕ್ಕೆ ಸಿಕ್ಕಿಸುತ್ತಾರೆ. ವರ್ಷವಿಡೀ ಅದು ಅಲ್ಲಿಯೇ, ಸಂಜೆಯ ಜಪಸರವನ್ನು ಕೇಳುತ್ತ ಒಣಗುತ್ತದೆ. ಮುಂದಿನ ವರ್ಷ ತಪಸ್ಸುಕಾಲ ಸಮೀಪಿಸಿದಾಗ ಒಣಗರಿಗಳನ್ನು ಚರ್ಚಿಗೆ ಮರಳಿಸುತ್ತಾರೆ. ಅವನ್ನು ಸುಟ್ಟ ಬೂದಿಯನ್ನೇ ಗುರುಗಳು ಹಣೆಗೆ ಹಚ್ಚುತ್ತಾರೆ.